ಹದಿನೇಳು, ಹತ್ತು ಮತ್ತು ಮಲಪ್ರಭೆಯ ಉಸುಕು

ಧಾರವಾಡದಿಂದ ಬೆಳಗಾವಿಗೆ ಹೊರಟ ಬಸ್ಸು ಕಿತ್ತೂರು ದಾಟುತ್ತಿದ್ದಂತೆ ಕಿಟಕಿಯಾಚೆಯ ಸೀಮೆ ಎರಡು ಬಣ್ಣದ್ದಾಗುತ್ತದೆ. ಪಡುವಣಕ್ಕೆ ಮಲೆನಾಡಿನ ಸೆರಗು, ಮೂಡಣಕ್ಕೆ ಬೈಲಹೊಂಗಲ, ಸವದತ್ತಿಯ ಕಡೆ ಹಾಸಿಕೊಂಡ ಎರೆಹೊಲ. ಶಿವರಾತ್ರಿಯ ಆಸುಪಾಸಿನ ದಿನಗಳು. ಹಿಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡು ಕಬ್ಬು ಹೇರಿದ ಟ್ರ್ಯಾಕ್ಟರುಗಳು ಹೆದ್ದಾರಿಯ ಅಂಚಿನಲ್ಲಿ ತೇಕುತ್ತ ಸಾಗಿದ್ದವು. ಕಂಡಕ್ಟರ್ ‘ಎಮ್ಕೆ ಹುಬ್ಳಿ’ ಎಂದು ಕೂಗಿದಾಗ ನಾನೂ ನನ್ನ ಅಕ್ಕನ ಮಗಳೂ ಇಳಿದೆವು. ಮುಗಟಖಾನ ಹುಬ್ಬಳ್ಳಿ ಎಂಬ ಪೂರ್ಣ ಹೆಸರು ಕಾಗದಪತ್ರಗಳಲ್ಲಿ ಉಳಿದಿದೆ. ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಓಡುವ ಸಾವಿರಾರು ಗಾಡಿಗಳಿಗೆ ಇದು ಮಲಪ್ರಭೆಯ ಸೇತುವೆ ಇರುವ ಊರು, ಸಕ್ಕರೆ ಕಾರ್ಖಾನೆಯ ಊರು, ಅಷ್ಟೇ. ಇಲ್ಲಿ ಇಳಿಯುವವರು ಹೆಚ್ಚಾಗಿ ಗಂಗಾಂಬಿಕೆಯ ದರ್ಶನಕ್ಕೆ ಬಂದವರು.

ನಾವೂ ಮೊದಲು ಅಲ್ಲಿಗೇ ಹೋದೆವು. ಬಸವಣ್ಣನವರ ಮಡದಿ, ಬಲದೇವ ಮಂತ್ರಿಯ ಮಗಳು, ‘ಗಂಗಾಪ್ರಿಯ ಕೂಡಲಸಂಗ’ ಎಂಬ ಅಂಕಿತದಲ್ಲಿ ವಚನ ಬರೆದ ಗಂಗಾಂಬಿಕೆ ಇಲ್ಲಿಯೇ ಲಿಂಗೈಕ್ಯಳಾದಳು ಎಂಬುದು ಈ ಸೀಮೆಯ ನಂಬಿಕೆ. ಕಲ್ಯಾಣ ಕದಡಿದ ಮೇಲೆ ಶರಣರು ಉಳವಿಯತ್ತ ಹೊರಟ ದಾರಿ ಇದು. ಹತ್ತಿರದ ಕಾದರವಳ್ಳಿಯಲ್ಲಿ ಶರಣರಿಗೂ ಬೆನ್ನಟ್ಟಿ ಬಂದ ಸೈನ್ಯಕ್ಕೂ ಕಾಳಗವಾಯಿತೆಂದು ಹೇಳುತ್ತಾರೆ. ನದಿಯ ಪಾತ್ರದಲ್ಲೇ ಐಕ್ಯಮಂಟಪವಿದೆ. ಖಾನಾಪುರದ ಕಣಕುಂಬಿಯಲ್ಲಿ ಹುಟ್ಟುವ ಈ ಮಲಪ್ರಭೆಯೇ ಮುಂದೆ ಹರಿದು ಕೃಷ್ಣೆಗೆ ಕೂಡುವ ಜಾಗ ಕೂಡಲಸಂಗಮ. ಗಂಡನ ಐಕ್ಯಸ್ಥಳ ನದಿಯ ಕೊನೆಯಲ್ಲಿ, ಹೆಂಡತಿಯದು ಅದೇ ನದಿಯ ಮೇಲ್ದಂಡೆಯಲ್ಲಿ. ನೀರು ಇಲ್ಲಿಂದ ಅಲ್ಲಿಗೇ ಹೋಗುತ್ತದೆ ಎಂಬುದನ್ನು ನೆನೆದುಕೊಂಡು ಎಷ್ಟೋ ಹೊತ್ತು ನಿಂತುಬಿಟ್ಟೆ.

ಈ ಊರನ್ನೇ ಆರಿಸಿಕೊಳ್ಳಲು ಇನ್ನೊಂದು ಕಾರಣವಿತ್ತು. ಅಕ್ಕನ ಮಗಳು ಸಿವಿಲ್ ಡಿಪ್ಲೊಮಾ ಓದುತ್ತಿದ್ದಾಳೆ. ತ್ರಿಭುಜ ಬಿಡಿಸುವ ಒಂದು ಲೆಕ್ಕ ಅವಳನ್ನು ಕೆಲವು ದಿನಗಳಿಂದ ಕಾಡುತ್ತಿತ್ತು. “ಮಾಮಾ, ಕ್ಯಾಲ್ಕುಲೇಟರ್ ಒಂದ ಉತ್ತರ ಕೊಡ್ತೈತಿ, ಪುಸ್ತಕದಾಗ ಎರಡ ಅದಾವು. ಎರಡನೇದ್ದು ಎಲ್ಲಿಂದ ಬಂತು?” ಎಂದು ಫೋನಿನಲ್ಲಿ ಕೇಳಿದ್ದಳು. ಇಂಥದ್ದನ್ನು ಕಾಗದದ ಮೇಲೆ ಹೇಳಿದರೆ ಸಾಲದು, ನೆಲದ ಮೇಲೆ ಕಾಣಬೇಕು ಎಂಬುದು ನನ್ನ ಬಲವಾದ ನಂಬಿಕೆ. ಬೇಸಿಗೆ ಹತ್ತಿರವಾದಾಗ ಮಲಪ್ರಭೆ ಸೊರಗಿ ದಂಡೆಯುದ್ದಕ್ಕೂ ಗಟ್ಟಿ ಉಸುಕಿನ ಪಟ್ಟೆ ಬಿಟ್ಟುಕೊಡುತ್ತಾಳೆ. ಅದಕ್ಕಿಂತ ದೊಡ್ಡ ಕರಿಹಲಗೆ ಎಲ್ಲಿ ಸಿಕ್ಕೀತು!

ಪೇಟೆಯಲ್ಲಿ ಒಂದು ಉಂಡೆ ಸುತಳಿ ಕೊಂಡೆವು. ಮೊಳಕ್ಕೊಂದರಂತೆ ಗಂಟು ಹಾಕುತ್ತ ಹೋದಳು ಅವಳು. ಉಸುಕಿನ ಮೇಲೆ ಒಂದು ಗೂಟ ಬಡಿದು ಅದಕ್ಕೆ ‘ಅ’ ಎಂದು ಹೆಸರಿಟ್ಟು, ಅಲ್ಲಿಂದ ನೀರಿನ ಅಂಚಿಗೆ ಸಮನಾಗಿ ಒಂದು ಉದ್ದನೆಯ ಗೆರೆ ಎಳೆದೆವು. ಗೆರೆಯ ಮೇಲೆ 15 ಮೊಳ ನಡೆದು, ಗೌಂಡಿಗಳು ಮನೆಯ ಪಾಯಕ್ಕೆ ಮೂಲೆ ಹಿಡಿಯುವ 3-4-5ರ ಅಳತೆಯಿಂದ ನೇರ ಮೂಲೆ ಹಿಡಿದು, ದಂಡೆಯ ಕಡೆಗೆ 8 ಮೊಳ ಸರಿದು ಇನ್ನೊಂದು ಗೂಟ ನೆಟ್ಟೆವು. ಅದು ‘ಕ’. ಈಗ ‘ಅ’ದಿಂದ ‘ಕ’ಕ್ಕೆ ಸುತಳಿ ಬಿಗಿದರೆ ಹದಿನೇಳನೆಯ ಗಂಟು ಗೂಟಕ್ಕೆ ಬಂದು ಕೂತಿತು. 8, 15, 17. ಗೊತ್ತಿದ್ದ ಸಂಗತಿಯೇ ಆದರೂ ಗಂಟು ಗೂಟಕ್ಕೆ ತಾಗಿದ ಆ ಗಳಿಗೆಯಲ್ಲಿ ಮೈ ಜುಮ್ಮೆಂದಿತು.

ಲೆಕ್ಕ ಹೀಗಿದೆ. ‘ಅ’ದಲ್ಲಿ ಒಂದು ಕೋನ ಗೊತ್ತು, ಸುಮಾರು 28 ಡಿಗ್ರಿ, ಅದರ ಸೈನ್ 8/17. ಆ ಕೋನದ ಒಂದು ಬದಿಯ ಬಾಹು 17 ಮೊಳ ಎಂದೂ ಗೊತ್ತು. ಕೋನದ ಎದುರಿನ ಬಾಹು 10 ಮೊಳ ಎಂದೂ ಗೊತ್ತು. ಮೂರನೆಯ ಬಾಹು, ಅಂದರೆ ಗೆರೆಯ ಮೇಲಿನ ಪಾಯ, ಎಷ್ಟು?

ಶಾಲೆಯಲ್ಲಿ ಓದಿದವರಿಗೆ ಬಾ.ಕೋ.ಬಾ., ಕೋ.ಬಾ.ಕೋ., ಬಾ.ಬಾ.ಬಾ. ಎಂಬ ಮಂತ್ರ ನೆನಪಿರುತ್ತದೆ. ಎರಡು ಬಾಹು ಮತ್ತು ಅವುಗಳ ನಡುವಣ ಕೋನ ಕೊಟ್ಟರೆ ತ್ರಿಭುಜ ಒಂದೇ. ಕೋನ ನಡುವೆ ಇರದೆ ಪಕ್ಕಕ್ಕೆ ಸರಿದರೆ ಏನಾಗುತ್ತದೆ ಎಂಬುದನ್ನು ಆ ಮಂತ್ರ ಹೇಳುವುದಿಲ್ಲ. ನಾವು ಕೂತದ್ದು ಅದೇ ಜಾಗದಲ್ಲಿ. ಪುಸ್ತಕಗಳು ಇದಕ್ಕೆ ಸಂದಿಗ್ಧ ಪ್ರಸಂಗ ಎನ್ನುತ್ತವೆ.

ಸುತಳಿಯ ಹತ್ತನೆಯ ಗಂಟನ್ನು ಅವಳು ಬೆರಳಿಗೆ ಸುತ್ತಿಕೊಂಡಳು. ಇನ್ನೊಂದು ತುದಿಯನ್ನು ನಾನು ‘ಕ’ ಗೂಟಕ್ಕೆ ಬಿಗಿದೆ. “ಈಗ ಸುತಳಿ ಬಿಗಿ ಬಿಡದೆ ತಿರುಗು, ಗೆರಿ ಎಲ್ಲಿ ಸಿಗ್ತೈತಿ ನೋಡು” ಎಂದೆ. ಹೊಳೆಯ ಕಡೆ ಮುಖ ಮಾಡಿ ಉಸುಕಿನಲ್ಲಿ ಬೆರಳಿನಿಂದ ಕಮಾನು ಬಿಡಿಸುತ್ತ ಸರಿದಳು. ‘ಅ’ದಿಂದ ಒಂಬತ್ತನೆಯ ಮೊಳದಲ್ಲಿ ಕಮಾನು ಗೆರೆಯನ್ನು ಕತ್ತರಿಸಿತು. ಅಲ್ಲಿಗೇ ನಿಲ್ಲುವಳೇನೋ ಎಂದುಕೊಂಡೆ. ಅವಳು ನಿಲ್ಲಲಿಲ್ಲ. ಕಮಾನು ಗೆರೆಯಾಚೆ ನೀರಿನತ್ತ ಇಳಿದು, ಮತ್ತೆ ಮೇಲೆದ್ದು, ಇಪ್ಪತ್ತೊಂದನೆಯ ಮೊಳದಲ್ಲಿ ಗೆರೆಯನ್ನು ಇನ್ನೊಮ್ಮೆ ಕತ್ತರಿಸಿತು. ಅವಳು ಎದ್ದು ನಿಂತು ಹಿಂದಿರುಗಿ ನೋಡಿದಳು. ಉಸುಕಿನ ಮೇಲೆ ಎರಡು ತ್ರಿಭುಜಗಳು. ಒಂದರ ಪಾಯ 9, ಇನ್ನೊಂದರ ಪಾಯ 21. ಕೋನ ಅದೇ, 17 ಅದೇ, 10 ಅದೇ. ಯಾವುದೂ ಸುಳ್ಳಲ್ಲ.

ಆಗ ಕ್ಯಾಲ್ಕುಲೇಟರ್ ತೆಗೆದೆವು. ಸೈನ್ ಸೂತ್ರ ಹೇಳುವುದು ಇಷ್ಟು: ತ್ರಿಭುಜದ ಯಾವ ಬಾಹುವನ್ನಾದರೂ ಅದರ ಎದುರಿನ ಕೋನದ ಸೈನ್‌ನಿಂದ ಭಾಗಿಸಿ, ಬರುವ ಸಂಖ್ಯೆ ಒಂದೇ. ಇಲ್ಲಿ 10ನ್ನು 8/17ರಿಂದ ಭಾಗಿಸಿದರೆ 21¼. ಆದ್ದರಿಂದ 17ರ ಎದುರಿನ ಕೋನದ ಸೈನ್, 17ನ್ನು 21¼ರಿಂದ ಭಾಗಿಸಿದಷ್ಟು, ಅಂದರೆ 0.8. ಯಂತ್ರಕ್ಕೆ 0.8 ಕೊಟ್ಟು ಕೋನ ಕೇಳಿದರೆ 53 ಡಿಗ್ರಿ 8 ಮಿನಿಟು ಎನ್ನುತ್ತದೆ. ಅಲ್ಲಿಗೆ ಅದರ ಮಾತು ಮುಗಿಯಿತು. ಆದರೆ 180ರಿಂದ ಅದನ್ನು ಕಳೆದು ಬರುವ 126 ಡಿಗ್ರಿ 52 ಮಿನಿಟಿನ ಸೈನ್ ಕೂಡ 0.8ವೇ. ಅದಕ್ಕೆ ‘ಅ’ದ 28 ಡಿಗ್ರಿ ಕೂಡಿಸಿದರೂ 180 ತುಂಬುವುದಿಲ್ಲ, ಮೂರನೆಯ ಕೋನಕ್ಕೆ 25 ಡಿಗ್ರಿ ಉಳಿಯುತ್ತದೆ. ಹಾಗಾಗಿ ಆ ಕೋನವನ್ನು ತಳ್ಳಿಹಾಕಲು ನಮಗೆ ಅಧಿಕಾರವಿಲ್ಲ.

“ಯಾಕ ಹಿಂಗ?” ಎಂದಳು. ಕಾರಣ ಕಾಲ ಬಳಿಯೇ ಬಿದ್ದಿತ್ತು. ಸೈನ್ ಲೆಕ್ಕಕ್ಕೆ ತೆಗೆದುಕೊಳ್ಳುವುದು ಎತ್ತರವನ್ನು ಮಾತ್ರ. ‘ಕ’ ಗೂಟದಿಂದ ಗೆರೆಗೆ ಇಳಿಸಿದ ಲಂಬ 8 ಮೊಳ. ಹತ್ತು ಮೊಳದ ಸುತಳಿ ಲಂಬದ ಎಡಕ್ಕೆ ವಾಲಿದರೂ ಬಲಕ್ಕೆ ವಾಲಿದರೂ ಆ 8 ಬದಲಾಗದು. ಎಡಕ್ಕೆ 6, ಬಲಕ್ಕೆ 6. 15ರಿಂದ ಹಿಂದಕ್ಕೆ ಸರಿದರೆ 9, ಮುಂದಕ್ಕೆ ಸರಿದರೆ 21. ವಾಲಿದ ದಿಕ್ಕನ್ನು ಸೈನ್ ಗುರುತಿಟ್ಟುಕೊಳ್ಳುವುದಿಲ್ಲ. ಇನ್ನೂ ಅಚ್ಚರಿಯೆಂದರೆ ಆ 21¼. ಅದು ತ್ರಿಭುಜದ ಮೂರು ಮೂಲೆಗಳನ್ನೂ ಮುಟ್ಟಿಕೊಂಡು ಎಳೆದ ವೃತ್ತದ ವ್ಯಾಸ. ಎರಡೂ ತ್ರಿಭುಜಗಳಿಗೆ ಅದು ಒಂದೇ. ಒಂದು ಇಷ್ಟು ದೊಡ್ಡದು, ಇನ್ನೊಂದು ಇಷ್ಟು ಇಕ್ಕಟ್ಟಾದದ್ದು. ಆದರೂ ಎರಡೂ ಒಂದೇ ಅಳತೆಯ ವೃತ್ತದೊಳಗೆ ಸರಿಯಾಗಿ ಕೂರುತ್ತವೆ.

ಎತ್ತುಗಳಿಗೆ ನೀರು ಕುಡಿಸಲು ಬಂದ ಅಜ್ಜ ಒಬ್ಬರು ಅಷ್ಟು ಹೊತ್ತಿನಿಂದ ನಮ್ಮನ್ನೇ ನೋಡುತ್ತಿದ್ದರು. “ಏನ ಅಳ್ಯಾಕತ್ತೀರ್ರೀ ಸರ? ಪ್ಲಾಟ ಮಾಡ್ತೀರೇನ?” ಎಂದು ಕೇಳಿದರು. “ಇಲ್ಲರೀ ಅಜ್ಜಾರ, ಲೆಕ್ಕ ಮಾಡಾಕತ್ತೇವಿ” ಎಂದು ಇವಳು ಸುತಳಿ ತಿರುಗಿಸಿ ತೋರಿಸಿದಳು. ಅವರಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. “ಎತ್ತಿನ ಕಣ್ಣಿ ಉದ್ದ ಬಿಟ್ರ ದಾರಿಗೆ ಎರಡ ಕಡೆ ಮುಟ್ತೈತಿ ತಂಗಿ. ಗಿಡ್ಡ ಕಟ್ಟಿದ್ರ ದಾರೀನ ಮುಟ್ಟೂದಿಲ್ಲ.” ಅಷ್ಟು ಹೇಳಿ ಎತ್ತುಗಳನ್ನು ಹೊಡೆದುಕೊಂಡು ದಂಡೆ ಹತ್ತಿದರು. ಸಂದಿಗ್ಧ ಪ್ರಸಂಗದ ಇಡೀ ಅಧ್ಯಾಯ ಆ ಎರಡು ಮಾತಿನಲ್ಲಿತ್ತು.

ಅವರ ಮಾತನ್ನೇ ಹಿಡಿದು ಸುತಳಿಯನ್ನು ಗಿಡ್ಡ ಮಾಡುತ್ತ ಬಂದೆವು. ಒಂಬತ್ತು ಮೊಳಕ್ಕೆ ಎರಡು ಬಿಂದುಗಳು ಹತ್ತಿರ ಬಂದವು. ಎಂಟಕ್ಕೆ ಸರಿಯಾಗಿ ಕಮಾನು ಗೆರೆಯನ್ನು ಸವರಿಕೊಂಡು ಹೋಯಿತು: ಒಂದೇ ಬಿಂದು, ಒಂದೇ ತ್ರಿಭುಜ, ಅದರಲ್ಲಿ ಲಂಬಕೋನ. ಏಳಕ್ಕೆ ಗೆರೆ ಸಿಗಲೇ ಇಲ್ಲ. ಆ ಮೇಲೆ ಉದ್ದ ಮಾಡುತ್ತ ಹೋದೆವು. ಸುತಳಿ ಹಿಗ್ಗಿದಂತೆ ಎಡಗಡೆಯ ಬಿಂದು ‘ಅ’ ಗೂಟದತ್ತ ಸರಿಯಿತು. ಹದಿನೇಳು ಮೊಳವಾದಾಗ ಗೂಟದ ಮೇಲೇ ಹೋಗಿ ಕೂತಿತು, ಒಳಗಿನ ಸಣ್ಣ ತ್ರಿಭುಜ ಮುಚ್ಚಿಹೋಯಿತು. ಹದಿನೆಂಟಕ್ಕೆ ಅದು ಗೂಟದ ಹಿಂದಕ್ಕೆ ದಾಟಿತು. ಅಲ್ಲಿ ಕೋನ ನಮಗೆ ಬೇಕಾದ 28 ಡಿಗ್ರಿ ಅಲ್ಲ. ಹೀಗೆ 8 ಮತ್ತು 17ರ ನಡುವೆ ಮಾತ್ರ ಎರಡು ಉತ್ತರ. ಲಂಬ ಎಷ್ಟೆಂದು ಮೊದಲೇ ತಿಳಿದುಕೊಂಡರೆ ಎಷ್ಟು ತ್ರಿಭುಜ ಎಂಬ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ.

ಏಳು ಮೊಳದ ಸುತಳಿಯ ಲೆಕ್ಕವನ್ನು ಬರೆದರೆ 49ರಿಂದ 64 ಕಳೆದು ವರ್ಗಮೂಲ ತೆಗೆಯಬೇಕಾಗುತ್ತದೆ. ಋಣದ ವರ್ಗಮೂಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ, 9ನೆಯ ಶತಮಾನದಲ್ಲಿ ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯ ಋಣಸಂಖ್ಯೆ ಸ್ವಭಾವತಃ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಖಚಿತವಾಗಿ ಬರೆದಿಟ್ಟ. ನಮ್ಮ ಮಳಖೇಡದ ಅರಸನ ಕಾಲದ ಆ ಮಾತು ಮಲಪ್ರಭೆಯ ಉಸುಕಿನ ಮೇಲೆ ಗೆರೆ ಮುಟ್ಟದ ಸುತಳಿಯಾಗಿ ಕಣ್ಣಿಗೆ ಬಿತ್ತು.

“ಮತ್ತ ಸರ್ವೇದವ್ರು ಏನ ಮಾಡ್ತಾರ? ಅವ್ರಿಗೂ ಎರಡೆರಡ ಹೊಲ ಸಿಗ್ತಾವೇನ?” ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಮುಂಬೈ ಇಲಾಖೆಗೆ ಸೇರಿದ್ದ ಈ ಸೀಮೆಯಲ್ಲಿ ಮೋಜಣಿಯವರ ಸರಪಳಿ 33 ಅಡಿಯದು. ಅದನ್ನು 16 ಆಣೆಗಳಾಗಿ ಹಂಚಿದ್ದರು. ಸರಪಳಿ ಉದ್ದ, ಸರಪಳಿ ಅಗಲ ಇದ್ದರೆ ಒಂದು ಗುಂಟೆ, ನಲವತ್ತು ಗುಂಟೆಗೆ ಎಕರೆ. ಈ ಪದ್ಧತಿಯಲ್ಲಿ ಹೊಲವನ್ನು ತ್ರಿಭುಜಗಳಾಗಿ ಒಡೆದು ಪಾಯ ಮತ್ತು ಲಂಬಗಳನ್ನು ಸರಪಳಿಯಿಂದಲೇ ಅಳೆಯುತ್ತಾರೆ. ಲಂಬ ಯಾವ ಕಡೆ ಬಿತ್ತೆಂಬುದು ಅಳೆಯುವವನ ಕಣ್ಣೆದುರೇ ಇರುತ್ತದೆ. ಸಂದಿಗ್ಧಕ್ಕೆ ಅಲ್ಲಿ ಎಡೆಯಿಲ್ಲ. ವಿಲಿಯಂ ಲ್ಯಾಂಬ್ಟನ್‌ನ ಮಹಾ ತ್ರಿಕೋನಮಿತಿ ಸರ್ವೆಯೂ ಹಾಗೆಯೇ. 1802ರ ಏಪ್ರಿಲ್‌ನಲ್ಲಿ ಮದ್ರಾಸಿನ ಬಳಿ ಏಳೂವರೆ ಮೈಲಿಯ ಒಂದು ಪಾಯವನ್ನು 57 ದಿನ ಅಳೆದು, ಅಲ್ಲಿಂದ ಬೆಂಗಳೂರಿನ ಮೇಲೆ ಹಾದು ಮಂಗಳೂರಿನ ಕರಾವಳಿಯತನಕ ಬೆಟ್ಟದಿಂದ ಬೆಟ್ಟಕ್ಕೆ ಕೋನಗಳನ್ನು ಹಿಡಿಯುತ್ತ ನಡೆದರು. ಒಂದು ಬಾಹು, ಉಳಿದದ್ದೆಲ್ಲ ಕೋನ. ಕೋ.ಬಾ.ಕೋ. ಇದ್ದಲ್ಲಿ ಸೈನ್ ಸೂತ್ರ ಎರಡು ಮಾತಾಡುವುದಿಲ್ಲ. ಬೆಂಗಳೂರಿನ ಬಳಿ 1804ರಲ್ಲಿ ಇನ್ನೊಂದು ಪಾಯ ಅಳೆದು ತಾಳೆ ನೋಡಿದಾಗ ಲೆಕ್ಕಕ್ಕೂ ನೆಲಕ್ಕೂ ನಡುವಿನ ವ್ಯತ್ಯಾಸ ನಾಲ್ಕು ಅಂಗುಲವನ್ನೂ ಮುಟ್ಟಲಿಲ್ಲ. ಪರ್ಯಾಯದ್ವೀಪದ ಅಗಲ ಆಗಿನ ನಕಾಶೆಗಳು ಹೇಳುತ್ತಿದ್ದ 400 ಮೈಲಿಯಲ್ಲ, 360 ಎಂದು ಗೊತ್ತಾದದ್ದು ಆ ತ್ರಿಭುಜಗಳ ಸಾಲಿನಿಂದಲೇ. ಅಳೆಯುವವರು ಜಾಣರು, ಎರಡು ಉತ್ತರ ಬರುವ ದಾರಿಯನ್ನೇ ತುಳಿಯದ ಹಾಗೆ ಕೆಲಸವನ್ನು ಹೊಂದಿಸಿಕೊಂಡರು.

ಬಿಸಿಲು ಇಳಿದ ಮೇಲೆ ಪೇಟೆಗೆ ಬಂದು ಗಿರ್ಮಿಟ್, ಚಾ ತೆಗೆದುಕೊಂಡು ಕೂತೆವು. ಅಲ್ಲಿ ನಾನು ಇಷ್ಟು ಹೊತ್ತು ಹೇಳದೆ ಇಟ್ಟುಕೊಂಡಿದ್ದ ಮಾತನ್ನು ಹೊರಗೆ ತೆಗೆದೆ. 10, 17, 9 ಎಂಬ ಅಳತೆಗಳು ನನ್ನವಲ್ಲ, ಭಾಸ್ಕರಾಚಾರ್ಯನವು.

1114ರಲ್ಲಿ ಹುಟ್ಟಿದ ಭಾಸ್ಕರ ತನ್ನ ಊರು ಸಹ್ಯಾದ್ರಿಯ ಆಶ್ರಯದ ವಿಜ್ಜಡವಿಡ ಎಂದು ಹೇಳಿಕೊಂಡಿದ್ದಾನೆ. ಅದು ನಮ್ಮ ವಿಜಯಪುರ ಎಂದು ಕನ್ನಡದ ವಿದ್ವಾಂಸರು ಹೇಳುತ್ತ ಬಂದಿದ್ದಾರೆ. ಅವನ ಮೊಮ್ಮಗ ಚಂಗದೇವ 1207ರಲ್ಲಿ ಶಾಸನ ಹಾಕಿಸಿದ ಖಾನದೇಶದ ಕಡೆಗೆ ಬೆರಳು ತೋರಿಸುವವರೂ ಇದ್ದಾರೆ. ‘ಲೀಲಾವತಿ’ ಬರೆದದ್ದು 1150ರಲ್ಲಿ. ಕಲ್ಯಾಣದಲ್ಲಿ ಬಸವಣ್ಣನವರೂ ಗಂಗಾಂಬಿಕೆಯೂ ಬದುಕಿದ್ದ ಕಾಲವೇ ಅದು. ಇದೇ ಬೆಳಗಾವಿ ಜಿಲ್ಲೆಯ ರಾಯಬಾಗ ಎಂದು ಗುರುತಿಸಲಾದ ಪೂವಿನಬಾಗೆಯ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲೇ ಬರೆದ ಶತಮಾನವೂ ಅದೇ. ಈ ನೆಲದಲ್ಲಿ ಒಂದೇ ನೂರು ವರ್ಷದಲ್ಲಿ ಎಷ್ಟೊಂದು ಬೆಳಕು ಒಟ್ಟಿಗೆ ಹೊತ್ತಿಕೊಂಡಿತ್ತು ಎಂದು ನೆನೆದರೆ ಎದೆ ತುಂಬುತ್ತದೆ.

‘ಲೀಲಾವತಿ’ಯಲ್ಲಿ ಭಾಸ್ಕರ ಕೇಳುತ್ತಾನೆ: ಬಾಹುಗಳು 10 ಮತ್ತು 17, ಪಾಯ 9, ಲಂಬ ಎಷ್ಟು, ಲಂಬ ಬಿದ್ದು ಪಾಯವನ್ನು ಒಡೆದ ತುಂಡುಗಳು ಎಷ್ಟೆಷ್ಟು? ಆ ತುಂಡುಗಳಿಗೆ ಆಬಾಧೆ ಎಂದು ಹೆಸರು. ಅವನ ಕ್ರಮ ಹೀಗೆ: ಬಾಹುಗಳ ಮೊತ್ತವನ್ನು ಅವುಗಳ ವ್ಯತ್ಯಾಸದಿಂದ ಗುಣಿಸಿ ಪಾಯದಿಂದ ಭಾಗಿಸು. ಬಂದದ್ದನ್ನು ಪಾಯಕ್ಕೆ ಕೂಡಿಸಿ ಅರ್ಧ ಮಾಡು, ಪಾಯದಿಂದ ಕಳೆದು ಅರ್ಧ ಮಾಡು. ನಾನು ಹೇಳುತ್ತ ಹೋದೆ, ಅವಳು ಬಿಲ್ಲಿನ ಹಿಂಬದಿಯಲ್ಲಿ ಬರೆಯುತ್ತ ಹೋದಳು. 27 ಏಳಲೇ 189. ಒಂಬತ್ತರಿಂದ ಭಾಗಿಸಿದರೆ 21. ಕೂಡಿಸಿ ಅರ್ಧ ಮಾಡಿದರೆ 15. ಕಳೆದು ಅರ್ಧ ಮಾಡಿದರೆ ಋಣ 6.

ಪಾಯದ ತುಂಡು ಋಣವಾಗುವುದೆಂದರೇನು? ಭಾಸ್ಕರ ಅಲ್ಲಿ ಬೆದರಲಿಲ್ಲ. ಋಣ ಎಂದರೆ ದಿಕ್ಕು ತಿರುಗಿದೆ ಎಂದೇ ಅರ್ಥ ಎಂದು ತಾನೇ ವಿವರಿಸಿದ: ಲಂಬ ಪಾಯದ ಹೊರಗೆ ಬಿದ್ದಿದೆ. ಲಂಬ 8, ಕ್ಷೇತ್ರಫಲ 36 ಎಂದು ಮುಗಿಸಿದ. ಅದೇ ಭಾಸ್ಕರ ‘ಬೀಜಗಣಿತ’ದಲ್ಲಿ ಕೋತಿಗಳ ಹಿಂಡಿನ ಲೆಕ್ಕಕ್ಕೆ 50 ಮತ್ತು 5 ಎಂಬ ಎರಡು ಉತ್ತರ ಬಂದಾಗ ಐದನ್ನು ಬಿಟ್ಟುಬಿಡುತ್ತಾನೆ. ಅದನ್ನು ಒಪ್ಪಿದರೆ ಹಿಂಡಿನ ಐದನೆಯ ಒಂದು ಪಾಲಿನಿಂದ ಮೂರು ಕಳೆಯುವಲ್ಲಿ ಕೋತಿಗಳು ಋಣವಾಗುತ್ತವೆ, ಲೋಕ ಅದನ್ನು ಒಪ್ಪದು. ಕೋತಿಗೆ ಇಲ್ಲದ ಋಣ ನೆಲಕ್ಕೆ ಉಂಟು, ಏಕೆಂದರೆ ನೆಲಕ್ಕೆ ದಿಕ್ಕುಂಟು. ಎಲ್ಲಿ ಎರಡನೆಯ ಉತ್ತರವನ್ನು ಬಿಡಬೇಕು, ಎಲ್ಲಿ ಇಟ್ಟುಕೊಳ್ಳಬೇಕು ಎಂಬ ಈ ವಿವೇಕ 1150ರ ಪುಸ್ತಕಗಳಲ್ಲಿದೆ. ಪೆನ್ನು ಹಿಡಿದು ಕೂತವರೆಲ್ಲ ಓದಬೇಕಾದ ಪಾಠ ಅದು.

ಅವಳು ಮಾತ್ರ ಬಿಲ್ಲಿನಿಂದ ಕಣ್ಣು ತೆಗೆದಿರಲಿಲ್ಲ. “ಮಾಮಾ, ಇಲ್ಲಿ 21 ಬಂದೈತಲ್ಲ.”

ನೋಡಿದೆ. ಹೌದು. 189ನ್ನು 9ರಿಂದ ಭಾಗಿಸಿದಾಗ ಬಂದ 21. ಉಸುಕಿನ ಮೇಲಿನ ದೊಡ್ಡ ತ್ರಿಭುಜದ ಪಾಯ! ಭಾಸ್ಕರ ಕೊಟ್ಟದ್ದು 9 ಪಾಯದ ತ್ರಿಭುಜವನ್ನು ಮಾತ್ರ. ಆದರೆ ಅವನ ಕ್ರಮದ ನಡುದಾರಿಯಲ್ಲಿ, ಕೂಡಿ ಕಳೆಯುವ ಮೊದಲು ಬರುವ ಆ ಸಂಖ್ಯೆಯಲ್ಲಿ, ಇನ್ನೊಂದು ತ್ರಿಭುಜ ಪೂರ್ತಿಯಾಗಿ ಕೂತಿದೆ. ಅದೇಕೆ ಹಾಗೆ ಎಂದು ಅಲ್ಲೇ ಬರೆದು ನೋಡಿದೆವು. ಎರಡು ಪಾಯಗಳು 15+6 ಮತ್ತು 15−6. ಅವುಗಳ ಗುಣಲಬ್ಧ 15ರ ವರ್ಗದಿಂದ 6ರ ವರ್ಗ ಕಳೆದಷ್ಟು, ಅಂದರೆ 225ರಿಂದ 36 ಕಳೆದು 189. ಅತ್ತ 17ರ ವರ್ಗದಿಂದ 10ರ ವರ್ಗ ಕಳೆದರೂ 289ರಿಂದ 100 ಹೋಗಿ 189. ಎರಡು ಕಡೆಯೂ 8ರ ವರ್ಗವೇ ಸೇರಿಕೊಂಡಿರುವುದರಿಂದ ಕಳೆದಾಗ ಅದು ಹಾರಿಹೋಗುತ್ತದೆ. ಹೀಗಾಗಿ ಸಂದಿಗ್ಧ ಪ್ರಸಂಗ ಎಲ್ಲೇ ಬರಲಿ, ಎರಡು ಪಾಯಗಳ ಗುಣಲಬ್ಧ ಎರಡು ಬಾಹುಗಳ ವರ್ಗಗಳ ವ್ಯತ್ಯಾಸಕ್ಕೆ ಸಮ. ಕೋನ ಎಷ್ಟೆಂದು ಕೇಳುವುದೇ ಬೇಡ. ಒಂದು ತ್ರಿಭುಜ ಕೈಯಲ್ಲಿದ್ದರೆ ಅದರ ಜೋಡಿ ಒಂದು ಭಾಗಾಕಾರದ ದೂರದಲ್ಲಿದೆ.

ನಾನು ‘ಲೀಲಾವತಿ’ಯ ಆ ಲೆಕ್ಕವನ್ನು ಎಷ್ಟೋ ವರ್ಷಗಳಿಂದ ಬಲ್ಲೆ. ಆ 21ನ್ನು ಹೀಗೆ ಎಂದೂ ಕಂಡಿರಲಿಲ್ಲ. ಚಾ ಆರಿಹೋಯಿತು.

ಸೇತುವೆಯ ಮೇಲೆ ನಡೆದು ಬರುವಷ್ಟರಲ್ಲಿ ಹೊತ್ತು ಮುಳುಗಿ, ಪಡುವಣದಲ್ಲಿ ಶುಕ್ರ ಎದ್ದು ಕಾಣುತ್ತಿತ್ತು. ಆಕಾಶದಲ್ಲೂ ಅದೇ ಸುತಳಿ ತಿರುಗುತ್ತಿದೆ ಎಂದು ಅವಳಿಗೆ ತೋರಿಸಿದೆ. ಭೂಮಿ ‘ಅ’ ಗೂಟ, ಸೂರ್ಯ ‘ಕ’ ಗೂಟ, ನಡುವೆ ಸುಮಾರು 15 ಕೋಟಿ ಕಿಲೋಮೀಟರ್. ಸೂರ್ಯನಿಂದ ಶುಕ್ರನಿಗೆ ಇರುವ ದೂರ ಅದರ ಶೇ. 72ರಷ್ಟು. ನಾವು ಇಲ್ಲಿ ನಿಂತು ಅಳೆಯಬಲ್ಲದ್ದು ಸೂರ್ಯನಿಗೂ ಶುಕ್ರನಿಗೂ ನಡುವೆ ಕಾಣುವ ಕೋನ ಮಾತ್ರ. ಎರಡು ಬಾಹು, ನಡುವಿನದಲ್ಲದ ಒಂದು ಕೋನ. ಕೋನ 30 ಡಿಗ್ರಿ ಎಂದಿಟ್ಟುಕೊಂಡರೆ ಶುಕ್ರ ನಮ್ಮಿಂದ 5 ಕೋಟಿ ಕಿಲೋಮೀಟರ್‌ಗಿಂತ ತುಸು ದೂರದಲ್ಲಿರಬಹುದು, ಇಲ್ಲವೇ 20 ಕೋಟಿಗಿಂತ ಹೆಚ್ಚು ದೂರದಲ್ಲಿರಬಹುದು. ಒಂದಕ್ಕೆ ಇನ್ನೊಂದು ನಾಲ್ಕು ಪಟ್ಟು! ಕಣ್ಣಿಗೆ ಕಾಣುವುದು ಅದೇ ದಿಕ್ಕಿನಲ್ಲಿ, ಅದೇ ಒಂದು ಚುಕ್ಕೆ. ಕೋನ 46-47 ಡಿಗ್ರಿಗೆ ಏರಿದಾಗ ಎರಡು ತ್ರಿಭುಜಗಳು ಕೂಡಿಕೊಂಡು ಒಂದಾಗುತ್ತವೆ, ಎಂಟು ಮೊಳದ ಸುತಳಿ ಗೆರೆ ಸವರಿದ ಹಾಗೆ. ಅದಕ್ಕಿಂತ ಹೆಚ್ಚು ಕೋನವಿಲ್ಲ. ಆದ್ದರಿಂದಲೇ ನಡುರಾತ್ರಿ ನೆತ್ತಿಯ ಮೇಲೆ ಶುಕ್ರನನ್ನು ಕಂಡವರು ನಮ್ಮಲ್ಲಿ ಯಾರೂ ಇಲ್ಲ.

ಎರಡರಲ್ಲಿ ಯಾವುದು ಎಂಬುದನ್ನು ಕೋನ ಹೇಳದು, ಆಕಾರ ಹೇಳುತ್ತದೆ. ಶುಕ್ರ ಹತ್ತಿರದ ಬಿಂದುವಿನಲ್ಲಿದ್ದರೆ ಬೆಳಗಿದ ಮೈ ಸೂರ್ಯನ ಕಡೆಗೆ ತಿರುಗಿ ನಮಗೆ ತೆಳು ಬಿದಿಗೆಯಾಗಿ ಕಾಣುತ್ತದೆ. ದೂರದ ಬಿಂದುವಿನಲ್ಲಿದ್ದರೆ ಸಣ್ಣದಾಗಿ, ಹೆಚ್ಚುಕಡಿಮೆ ದುಂಡಗೆ ಕಾಣುತ್ತದೆ. ಗೆಲಿಲಿಯೋ 1610ರ ಕೊನೆಯಲ್ಲಿ ದೂರದರ್ಶಕದಿಂದ ಆ ಕಲೆಗಳನ್ನು ಹಿಂಬಾಲಿಸಿದ್ದರಿಂದ ಶುಕ್ರ ಸೂರ್ಯನನ್ನು ಸುತ್ತುತ್ತದೆ ಎಂಬುದು ಗಟ್ಟಿಯಾಯಿತು. ಚೀಲದಿಂದ ಬೈನಾಕ್ಯುಲರ್ ತೆಗೆದು ಕೈಪಿಡಿಯ ಕಂಬಿಗೆ ಮೊಣಕೈ ಊರಿ ನೋಡಿದೆವು. ಲಾರಿ ಹೋದಾಗಲೆಲ್ಲ ಸೇತುವೆ ನಡುಗಿ ಚುಕ್ಕೆ ಕುಣಿಯುತ್ತಿತ್ತು. ಎರಡು ಲಾರಿಗಳ ನಡುವಿನ ಬಿಡುವಿನಲ್ಲಿ ಅವಳಿಗೆ ಸಿಕ್ಕಿತು. “ಬಿದಗಿ ಚಂದ್ರಮನ ಕಂಡಂಗ ಕಾಣ್ತೈತಿ ಮಾಮಾ! ಹಂಗಾರ ಹತ್ತಿರದ್ದು. ಒಂಬತ್ತರದ್ದು, ಇಪ್ಪತ್ತೊಂದರದ್ದಲ್ಲ.” ಕೋಟಿಗಟ್ಟಲೆ ಕಿಲೋಮೀಟರ್ ಆಚೆಯ ಗ್ರಹವನ್ನು ಅವಳು ನಮ್ಮ ಸುತಳಿಯ ಎಡಗಡೆಯ ಬಿಂದುವಿನಲ್ಲಿ ಕೂರಿಸಿಬಿಟ್ಟಿದ್ದಳು.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು, “ಲೀಲಾವತಿಯೊಳಗ ಇಂಥಾವು ಇನ್ನೂ ಅದಾವೇನ?” ಎಂದಳು. 10, 17, 9ಕ್ಕೆ ಹಿಂದಿನದೇ ಒಂದಿದೆ: ಬಾಹುಗಳು 13 ಮತ್ತು 15, ಪಾಯ 14. ನಾನು ಬಾಯಿ ಮುಚ್ಚುವುದರೊಳಗೆ ಅವಳ ಲೆಕ್ಕ ನಡೆದಿತ್ತು. 225ರಲ್ಲಿ 169 ಹೋದರೆ 56. ಹದಿನಾಲ್ಕರಿಂದ ಭಾಗಿಸಿದರೆ 4. “ಜೋಡೀದು 13, 15, 4. ಲಂಬ 12. ದೊಡ್ಡದರ ಕ್ಷೇತ್ರಫಲ 84.” ತುಸು ತಡೆದು, “ನಮ್ಮ ಉಸುಕಿನ ಮ್ಯಾಲಿನ ದೊಡ್ಡದೂ 84 ಅಲ್ಲೇನ? ಇಪ್ಪತ್ತೊಂದ ಎಂಟಲೇ ನೂರಾ ಅರವತ್ತೆಂಟು, ಅರ್ಧ ಎಂಬತ್ತನಾಲ್ಕು” ಎಂದಳು. ನನಗದು ಹೊಳೆದಿರಲಿಲ್ಲ.

ಆಮೇಲೆ ತಾನೇ ಬಾಹುಗಳನ್ನು ಹುಡುಕತೊಡಗಿದಳು. 13 ಮತ್ತು 20. ವರ್ಗಗಳ ವ್ಯತ್ಯಾಸ 231. ಅದನ್ನು ಎರಡು ಪಾಯಗಳಾಗಿ ಒಡೆಯಬೇಕು. ಮೊದಲು 7 ಮತ್ತು 33 ಹಿಡಿದಳು. ಕೂಡಿಸಿ ಅರ್ಧ ಮಾಡಿದರೆ 20, ಅಂದರೆ ಲಂಬ ಬೀಳುವ ಜಾಗವೇ ಇಪ್ಪತ್ತು ಮೊಳದಲ್ಲಿ, ಎತ್ತರ ಸೊನ್ನೆ. 20ರಿಂದ 13 ಕಳೆದರೆ 7, ಕೂಡಿಸಿದರೆ 33: ಎರಡೂ ಗೆರೆಯ ಮೇಲೆ ಚಪ್ಪಟೆಯಾಗಿ ಮಲಗಿದ ತ್ರಿಭುಜಗಳು. 3 ಮತ್ತು 77 ಹಿಡಿದರೆ ಲಂಬ ನಲವತ್ತರಲ್ಲಿ ಬೀಳಬೇಕು, ಇಪ್ಪತ್ತರ ಸುತಳಿ ಅಲ್ಲಿಗೆ ಮುಟ್ಟುವುದಿಲ್ಲ. ಉಳಿದದ್ದು 11 ಮತ್ತು 21. ಅರ್ಧ 16, ಇಪ್ಪತ್ತರ ವರ್ಗದಿಂದ ಹದಿನಾರರ ವರ್ಗ ಕಳೆದರೆ 144.

“ಹನ್ನೆರಡು” ಎಂದಳು, ಪೆನ್ನಿನ ಕ್ಯಾಪು ಹಾಕದೆ. “ಇದು ನಿಂತ್ಕೊಂತೈತಿ ಮಾಮಾ. 13, 20, 21 ಒಂದು. 13, 20, 11 ಇನ್ನೊಂದು.”